ಉಮೆಜುವಿನ ಸಂಜೆಯ ಗಸ್ತು

ಚಳಿಗಾಲ ಬಂತೆಂದರೆ ಟೋಕಿಯೋದ ಆ ಹಳೇ ಓಣಿಯಲ್ಲಿ ಮನೆಗೊಬ್ಬರಂತೆ ಸರದಿಯ ಮೇಲೆ ಸಂಜೆ ಗಸ್ತು ತಿರುಗಬೇಕು. ಎರಡು ಮರದ ತುಂಡುಗಳನ್ನು ಟಕ್ ಟಕ್ ಬಡಿಯುತ್ತ, "ಬೆಂಕಿ ಜೋಪಾನ!" ಎಂದು ಕೂಗಬೇಕು. ಸಹಿಯ ಬದಲು ಒತ್ತುವ ಮುದ್ರೆಗಳನ್ನು ಕೆತ್ತುವ ಉಮೆಜು ಮಾತ್ರ ಎಂದೂ ಹೊರಟವನಲ್ಲ. ಚಾಪೆಯ ಮೇಲೆ ಕೂತು ಕೂತೇ ಮುದುಕನಾದವನು. ತನ್ನ ಸರದಿ ಬಂದಾಗ ಪಕ್ಕದ ಮನೆಗೆ ಒಂದು ಬಾಟಲಿ ಸಾಕೆ ಎಂಬ ಅಕ್ಕಿಯ ಮದ್ಯ ಕಳಿಸಿ ತಪ್ಪಿಸಿಕೊಳ್ಳುತ್ತಿದ್ದ.

ಅಂಥವನು ಕೊರೊನಾದಿಂದ ಎದ್ದಮೇಲೆ ಎಲ್ಲರ ಸರದಿಯನ್ನೂ ತಾನೇ ಕೇಳಿ ಪಡೆಯತೊಡಗಿದ. ಗಸ್ತಿನ ಹೊಣೆ ಹೊತ್ತ ತೋಫು ಅಂಗಡಿಯ ಫುಮಿಗೆ ಇದು ಸರಿಕಾಣಲಿಲ್ಲ. ಅಷ್ಟರಲ್ಲಿ ಅವಳ ಅಂಗಡಿಯ ಹಿಂದಿದ್ದ ಹಳೇ ಪೇಪರಿನ ರಾಶಿಗೆ ಬೆಂಕಿ ಬಿತ್ತು. ಮೊದಲು ಕಂಡು ನೀರು ಸುರಿದವನೂ ಉಮೆಜುವೇ.

"ಹಚ್ಚಿದವನಿಗೇ ಮೊದಲು ಕಾಣೋದು ಅಕ್ಕ," ಎಂದ ಮೀನಂಗಡಿಯ ಕುಸಾಬಾ. "ನಾಳೆ ಅಗ್ನಿಶಾಮಕದವರು ವಿಚಾರಿಸೋಕೆ ಬರ್ತಾರೆ. ಹೆಸರು ಹೇಳಿ ಕೈತೊಳ್ಕೊ."

ಆ ಸಂಜೆ ಫುಮಿ ತಾನೂ ಗಸ್ತಿಗೆ ಹೊರಟಳು. ಉಮೆಜು ಎಲ್ಲೂ ನಿಲ್ಲುತ್ತಿರಲಿಲ್ಲ. ಗುಡಿಯ ಮುಂದಿನ ಬೆಂಚಿನ ಮೇಲೆ ಅವಳು ಬೇಕೆಂದೇ ಕೂತಳು.

"ಕೂತ್ಕೊಳ್ಳಿ, ಉಮೆಜು-ಸಾನ್."

"ಬೇಡ, ಪರವಾಗಿಲ್ಲ."

"ಕೂರೋಕೆ ಬಿಡದ ಕೆಲಸ ಏನಪ್ಪಾ ಅದು?"

ಅವನು ಕೂತ. ಮುಖ ಬಿಗಿಯಿತು. ಅತ್ತ ವಾಲಿದ, ಇತ್ತ ವಾಲಿದ, ಮುಳ್ಳು ಚುಚ್ಚಿದವನಂತೆ ಎದ್ದುಬಿಟ್ಟ.

"ಹೇಳೋಕೆ ನಾಚಿಕೆ. ಕೊರೊನಾ ಹೋದಮೇಲೆ ಗುದದ ಒಳಗೆ ಏನೋ ತಳಮಳ. ಕಕ್ಕಸಿಗೆ ಅವಸರ ಆದ ಹಾಗೆ. ಹೋದ್ರೆ ಏನೂ ಇಲ್ಲ. ಕೂತ್ರೆ ಜಾಸ್ತಿ, ಸಂಜೆ ಇನ್ನೂ ಜಾಸ್ತಿ. ನಡೆದ್ರೆ ಮಾತ್ರ ಜೀವ ಬರುತ್ತೆ."

"ಕೊರೊನಾ ಗಂಟಲಿನ ಕಾಯಿಲೆ. ಅಲ್ಲಿಗೆ ಹೇಗ್ರೀ ಇಳಿಯುತ್ತೆ? ಕತೆ ಕಟ್ಟಬೇಡಿ!"

"ನಾನೂ ಡಾಕ್ಟರನ್ನ ಅದನ್ನೇ ಕೇಳ್ದೆ. ಕೊಳವೆ ಹಾಕಿ ನೋಡಿದ್ರು. ಸಣ್ಣ ಮೂಲವ್ಯಾಧಿ ಇದೆಯಂತೆ, ಇಷ್ಟು ಹಿಂಸೆಗೆ ಅದು ಕಾರಣ ಅಲ್ಲವಂತೆ. ನರದ ಡಾಕ್ಟರಿಗೆ ತೋರಿಸಿ ಅಂದ್ರು. ನನ್ನ ಕುಂಡೆ ಪುರಾಣ ಇನ್ನೆಷ್ಟು ಜನರಿಗೆ ಹೇಳಲಿ?"

ಬಂದ ನಗುವನ್ನು ಫುಮಿ ನುಂಗಿಕೊಂಡಳು. "ನಡೀಬೇಕಾದ್ರೆ ಸುಮ್ಮನೆ ನಡೀಬಹುದಲ್ಲ. ಗಸ್ತೇ ಯಾಕೆ?"

"ದಿನಾ ಸುಮ್ಮನೆ ಅಲೆದ್ರೆ ಜನ ಬಿಡ್ತಾರಾ? ಕೈಯಲ್ಲಿ ಈ ಮರದ ತುಂಡು ಇದ್ರೆ ಯಾರೂ ಕೇಳಲ್ಲ. ಇದನ್ನ ಕಿತ್ಕೋಬೇಡಿ. ಓಣಿಗೂ ಹೇಳ್ಬೇಡಿ."

ಆ ರಾತ್ರಿ ಫುಮಿಗೆ ನಿದ್ದೆ ಹತ್ತಲಿಲ್ಲ. ಅವನ ಮುಖದಲ್ಲಿ ಕಂಡ ಹಿಂಸೆ ನಿಜವಿರಬಹುದು. ಆದರೆ ಹಿಂಸೆ ಇದ್ದವನು ಬೆಂಕಿ ಹಚ್ಚಬಾರದೆಂದೇನೂ ಇಲ್ಲವಲ್ಲ.

ಮರುದಿನ ಅಗ್ನಿಶಾಮಕದವನು, "ಯಾರ ಮೇಲಾದರೂ ಅನುಮಾನ ಇದೆಯೇ?" ಎಂದು ಕೇಳಿದ. ಕುಸಾಬಾ ಅವಳ ಮೊಣಕೈ ತಿವಿದ.

"ಹೇಳೋ ಅಂಥ ಹೆಸರಿಲ್ಲ," ಎಂದಳು ಫುಮಿ. "ಇನ್ನು ಉಮೆಜು-ಸಾನ್ ಜೊತೆ ದಿನಾ ನಾನೂ ತಿರುಗ್ತೀನಿ. ಮತ್ತೆ ಬೆಂಕಿ ಬಿದ್ರೆ ಇಬ್ಬರನ್ನೂ ಕೇಳಿ."

ಸಂಜೆ ಉಮೆಜು ಬಾಗಿ ವಂದಿಸಿದ. "ಸೋಮವಾರ ನರದ ಡಾಕ್ಟರ ಹತ್ರ ಹೋಗ್ಬೇಕು, ಆಯ್ತಾ?" ಎಂದು ಫುಮಿ ಗದರಿಸಿ, ಅವನನ್ನು ಮುಂದೆ ನಡೆಯಗೊಟ್ಟಳು. ಓಣಿಯುದ್ದಕ್ಕೂ ಅವಳ ಕಣ್ಣು ಮಾತ್ರ ಅವನ ಕೈಗಳ ಮೇಲೇ ಇತ್ತು.