ರಜೆಗೆ ಸರಿಹೊಂದಿದ ಕೋರ್ಸ್

ಬಂದರಿನ ಫೆರ್ರಿ ಕಟ್ಟೆಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಎಂಬುದು ಬೋರ್ಡಿಗೆ ಮಾತ್ರ. ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಯಿಂದ ಫೆರ್ರಿಯಲ್ಲಿ ಬಂದಿಳಿಯುವವರ ಆಧಾರ್ ತಿದ್ದುಪಡಿ, ಪಾಸ್‌ಪೋರ್ಟ್ ಅರ್ಜಿ, ಮಕ್ಕಳ ಕಾಲೇಜು ಸೀಟು ಎಲ್ಲವೂ ನನ್ನ ಕಂಪ್ಯೂಟರಿನ ಮುಂದೆಯೇ ಆಗಬೇಕು. ಹದಿನೆಂಟು ವರ್ಷ ಬೇರೆಯವರ ಅರ್ಜಿ ತುಂಬಿದವರಿಗೆ ಒಂದು ಕೆಟ್ಟ ಚಟ ಹತ್ತಿಕೊಳ್ಳುತ್ತದೆ. ಕೇಳದಿದ್ದರೂ ಬುದ್ಧಿ ಹೇಳುವುದು. ನಾನು ಹೇಳಿದ ನೂರಾರು ಮಾತುಗಳನ್ನು ಜನ ಮೆಟ್ಟಿಲಿಳಿಯುವಷ್ಟರಲ್ಲಿ ಮರೆತು ಹೋಗಿದ್ದಾರೆ, ಒಳ್ಳೆಯದೇ ಆಯಿತು. ಕಮಲೇಶ ಮಾತ್ರ ಮರೆಯಲಿಲ್ಲ, ನಾನು ಹೇಳಿದಂತೆಯೇ ಮಾಡಿದ.

ಕಮಲೇಶ ಬೆಂಗ್ರೆಯ ಹುಡುಗ. ವಯಸ್ಸು ಇಪ್ಪತ್ನಾಲ್ಕು, ತೆಳ್ಳಗಿನ ಮೈ, ಮಾತು ಕಡಿಮೆ. ಅವನ ಸೋದರಮಾವ ಗಿರಿಯಪ್ಪ ಒಂದು ಬೋಟಿನ ತಂಡೇಲ, ಎಂದರೆ ಬೋಟನ್ನು ನಡೆಸುವ ಯಜಮಾನ. ಅಪ್ಪ ಇಲ್ಲದ ಅಳಿಯನನ್ನು ಅವರೇ ಬೋಟಿಗೆ ಹತ್ತಿಸಿಕೊಂಡಿದ್ದರು. ಆದರೆ ಎರಡು ವರ್ಷ ಕಳೆದರೂ ಈ ಹುಡುಗನ ಹೊಟ್ಟೆಗೆ ಸಮುದ್ರ ಒಗ್ಗಲಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆ ದಾಟಿದ ಕೂಡಲೇ ವಾಂತಿ. ಮೀನುಗಾರರ ಮನೆಯಲ್ಲಿ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಬೇಕೆ? ಬಲೆ ಎಳೆಯುವವರೆಲ್ಲ ನಗುತ್ತಿದ್ದರು. ಅವನು ಬಾಯಿ ತೊಳೆದುಕೊಂಡು ಮತ್ತೆ ಬಲೆಗೆ ಕೈ ಹಾಕುತ್ತಿದ್ದ.

ನೆಲದ ಮೇಲೆ ಅವನ ಕಥೆಯೇ ಬೇರೆ. ಬೆಂಗ್ರೆಯ ನಾಯಿಗಳಿಗೆ ಇಂಥವರೇ ಯಜಮಾನರು ಎಂದಿಲ್ಲ. ಬುಟ್ಟಿಯಿಂದ ಕೆಳಗೆ ಬಿದ್ದ ಮೀನನ್ನು ಗಿರಿಯಪ್ಪನವರ ಬೋಟಿನವರು ಹೆಕ್ಕುವುದಿಲ್ಲ. ಅದು ನಾಯಿಗೆ, ಕಾಗೆಗೆ, ಕೈಚಾಚಿ ಬಂದವರಿಗೆ. ಹೆಕ್ಕಿದರೆ ನಾಳೆಯ ಬಲೆ ಬರಿದಾಗುತ್ತದೆ ಎಂದು ಅವರ ನಂಬಿಕೆ. ಹೀಗಾಗಿ ಬೋಟು ಬಂದಾಗ ನಾಯಿಗಳ ಗಲಾಟೆ ಹೇಳತೀರದು. ಆ ಗಲಾಟೆಯನ್ನು ಕಮಲೇಶ ಬರೀ ಒಂದು ಕೈ ಎತ್ತಿ ನಿಲ್ಲಿಸುತ್ತಿದ್ದ. ಎಂಟು ನಾಯಿಗಳು ಸಾಲಾಗಿ ಕುಳಿತುಕೊಳ್ಳುತ್ತಿದ್ದವು. ಒಂದೊಂದಕ್ಕೆ ಒಂದೊಂದು ಬೂತಾಯಿ ಮೀನು. ಕೊನೆಯಲ್ಲಿ ಕುಳಿತ ಬಿಳಿ ನಾಯಿ ಬೊಳ್ಳು ತನ್ನ ಸರದಿ ಬರುವವರೆಗೆ ಬಾಲ ಮಾತ್ರ ಅಲ್ಲಾಡಿಸುತ್ತಿತ್ತು. ಬೊಳ್ಳು ಅವನ ಹಿಂದೆಯೇ ತಿರುಗುವ ನಾಯಿ. ಅವನು ಸಮುದ್ರಕ್ಕೆ ಹೋದರೆ ಕಟ್ಟೆಯಲ್ಲಿ ಮಲಗಿ ಕಾಯುತ್ತಿತ್ತು. ಬೋಟು ಕಣ್ಣಿಗೆ ಬೀಳುವ ಮೊದಲೇ ಎದ್ದು ನಿಲ್ಲುತ್ತಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ಅವನು ಅಂಗಡಿಗೆ ಬಂದು, ಫೋನಿನಲ್ಲಿದ್ದ ಎರಡು ಪುಟಗಳ ಪ್ರಿಂಟ್ ಕೇಳಿದ. ಎರಡರಲ್ಲೂ ಇದ್ದದ್ದು ನಾಯಿಗೆ ತರಬೇತಿ ಕೊಡುವುದನ್ನು ಕಲಿಸುವ ಕೋರ್ಸುಗಳ ವಿವರ.

"ಇದಕ್ಕೂ ಕೋರ್ಸ್ ಉಂಟಾ ಮಾರಾಯ?" ಎಂದು ನಕ್ಕೆ.

"ಉಂಟು ಅಕ್ಕ. ಪೇಟೆಯಲ್ಲಿ ಕೊಟ್ಟಾರದ ಕಡೆ ಎಲ್ಲರ ಮನೆಯಲ್ಲಿ ಈಗ ದೊಡ್ಡ ದೊಡ್ಡ ನಾಯಿ ಉಂಟು. ಹೇಳಿದ್ದು ಕೇಳುವುದಿಲ್ಲ. ಕಲಿಸುವವರಿಗೆ ಕೆಲಸ ಸಿಗ್ತದೆ." ಮತ್ತೆ ಹೇಳಿದ, "ಬೋಟು ಬಿಡಬೇಕು ಅಕ್ಕ. ನನಗೆ ಆಗುವುದಿಲ್ಲ."

ಅವನು ಅಷ್ಟು ಬಿಡಿಸಿ ಹೇಳಿದ್ದು ಅದೇ ಮೊದಲು.

ಒಂದು ಕೋರ್ಸ್ ಇಲ್ಲೇ ಕುಲಶೇಖರದಲ್ಲಿ, ಎಂಟು ವಾರ. ನಡೆಸುವವರು ದೀಕ್ಷಿತ್ ಎನ್ನುವವರು. ಕೊನೆಗೆ ಪರೀಕ್ಷೆ, ಆಮೇಲೆ ಸರ್ಟಿಫಿಕೇಟ್. ಇನ್ನೊಂದು ಮೈಸೂರಿನಲ್ಲಿ, ಆರು ತಿಂಗಳು, ಅಲ್ಲೇ ಇದ್ದು ಕಲಿಯಬೇಕು. ಅದನ್ನು ನಡೆಸುವ ಟಾನ್ಯಾ ಎಂಬ ಹೆಂಗಸಿಗೆ ನನ್ನ ಅಂಗಡಿಯಿಂದಲೇ ಫೋನ್ ಮಾಡಿದೆವು. ಆಕೆ ಓದು ಎಷ್ಟು, ಮಾರ್ಕು ಎಷ್ಟು ಎಂದು ಕೇಳಲೇ ಇಲ್ಲ. ಬೋಟು ಬರುವಾಗ ನಿಮ್ಮ ನಾಯಿ ಏನು ಮಾಡುತ್ತದೆ ಎಂದು ಕೇಳಿದರು. ಮಾತೇ ಆಡದ ಹುಡುಗ ಅರ್ಧ ಗಂಟೆ ಮಾತನಾಡಿದ. ಎಂಟು ನಾಯಿಗಳ ಸ್ವಭಾವ, ಯಾವುದಕ್ಕೆ ಯಾವುದರ ಮೇಲೆ ಹೊಟ್ಟೆಕಿಚ್ಚು, ಯಾವುದು ಕೈ ನೋಡುತ್ತದೆ, ಯಾವುದು ಕಣ್ಣು ನೋಡುತ್ತದೆ ಎಲ್ಲವನ್ನೂ ಹೇಳಿದ.

"ಅರ್ಧ ಕೆಲಸ ನಿಮಗೆ ಆಗಲೇ ಬರುತ್ತೆ, ಉಳಿದರ್ಧ ಇಲ್ಲಿ ಕಲಿತುಕೊಳ್ಳಿ," ಎಂದರು ಟಾನ್ಯಾ. "ಮೊದಲ ತಿಂಗಳು ನಾವು ನಾಯಿಯನ್ನು ಮುಟ್ಟೋದೂ ಇಲ್ಲ, ಬರೀ ನೋಡ್ತೀವಿ. ನೀವು ನಾಯಿ ಜೊತೆ ಇರೋ ಒಂದು ವಿಡಿಯೋ ಕಳಿಸಿ."

ವಿಡಿಯೋ ತೆಗೆದವಳು ನಾನೇ. ಮರುದಿನ ಫೆರ್ರಿ ಹತ್ತಿ ಬೆಂಗ್ರೆಗೆ ಹೋದೆ. ಕೈ ಎತ್ತಿದ ಕಮಲೇಶ, ಸಾಲಾಗಿ ಕುಳಿತ ಎಂಟು ನಾಯಿಗಳು, ಕೊನೆಯಲ್ಲಿ ಬಾಲ ಅಲ್ಲಾಡಿಸುವ ಬೊಳ್ಳು. ಅದು ಈಗಲೂ ನನ್ನ ಫೋನಿನಲ್ಲಿದೆ. ಆದರೆ ನಾವು ಅದನ್ನು ಮೈಸೂರಿಗೆ ಕಳಿಸಲೇ ಇಲ್ಲ.

ಅಡ್ಡ ಬಂದದ್ದು ಜೂನ್ ಮತ್ತು ಜುಲೈ. ಆ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ಸರ್ಕಾರದ ನಿಷೇಧ. ಬೆಂಗ್ರೆಯವರು ಅದಕ್ಕೆ ರಜೆ ಎನ್ನುತ್ತಾರೆ. ಅವರ ಜೀವನದ ಸಕಲ ಕೆಲಸಗಳನ್ನೂ ಆ ರಜೆಯೊಳಗೇ ತುರುಕಬೇಕು. ಮನೆ ರಿಪೇರಿ, ಬಲೆ ರಿಪೇರಿ, ಹೊಟ್ಟೆಯ ಆಪರೇಶನ್ ಎಲ್ಲ ಆಗಲೇ. ಡಿಸೆಂಬರಿನಲ್ಲಿ ನೋಯಲು ಶುರುವಾದ ಹಲ್ಲನ್ನು ಜೂನಿನವರೆಗೆ ಲವಂಗ ಕಚ್ಚಿ ಸುಧಾರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಗಿರಿಯಪ್ಪ ಅಂಗಡಿಗೇ ಬಂದು ಹೇಳಿದರು.

"ಕಲಿಯಲಿ, ಬೇಡ ಹೇಳುವುದಿಲ್ಲ. ರಜೆಯಲ್ಲಿ ಎಂತ ಬೇಕಾದರೂ ಮಾಡಲಿ. ಆಗಸ್ಟ್ ಒಂದಕ್ಕೆ ಬೋಟಿನಲ್ಲಿ ಇರಬೇಕು. ಇಲ್ಲದಿದ್ದರೆ ಅವನ ಜಾಗಕ್ಕೆ ಬೇರೆ ಜನ ಹಾಕ್ತೇನೆ."

ಕಮಲೇಶ ನನ್ನ ಮುಖ ನೋಡಿದ. ಬೋಟು ಬಿಡುವುದಕ್ಕೆಂದೇ ಕಲಿಯಲು ಹೊರಟವನಿಗೆ ಬೋಟಿನ ಜಾಗ ಹೋಗುತ್ತದೆ ಎಂಬ ಹೆದರಿಕೆ! ಹಾಗಾದರೆ ಕಲಿಯುವುದು ಯಾಕೆ ಎಂದು ಅಲ್ಲೇ ಕಿವಿ ಹಿಂಡಿ ಕೇಳಬೇಕಿತ್ತು. ಅದರ ಬದಲು ನಾನು ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆ.

"ನೋಡು, ಎಂಟು ವಾರ. ಸರೀ ರಜೆಯ ಒಳಗೆ ಮುಗೀತದೆ. ಸರ್ಟಿಫಿಕೇಟ್ ಇಬ್ಬರದ್ದೂ ಸರ್ಟಿಫಿಕೇಟೇ ಅಲ್ವಾ? ಮೈಸೂರಿಗೆ ಎಂತಕ್ಕೆ ಹೋಗ್ಲಿಕ್ಕೆ? ಇಲ್ಲಿಯೇ ಮಾಡು."

ಸೀಲು ಹೊಡೆದ ಕಾಗದಗಳ ನಡುವೆ ಬದುಕುವವಳಿಗೆ ಎಲ್ಲ ಕಾಗದವೂ ಒಂದೇ ಎನಿಸಿತು. ಅವತ್ತೇ ಅರ್ಜಿ ತುಂಬಿದೆ.

ಕೋರ್ಸಿಗೆ ಅವರವರದೇ ನಾಯಿ ತರಬೇಕಿತ್ತು. ಜೂನ್ ಮಳೆಯಲ್ಲಿ ಕಮಲೇಶ ಬೊಳ್ಳುವನ್ನು ಹಗ್ಗ ಕಟ್ಟಿ ಕರೆತರುತ್ತಿದ್ದ. ಫೆರ್ರಿಯಲ್ಲಿ ಟಿಕೆಟ್ ಕೊಡುವ ಸಲಾಂ, ನಾಯಿಗೂ ಟಿಕೆಟ್ ತೆಗೆಯಬೇಕು ಎಂದು ತಮಾಷೆ ಮಾಡಿ, ಇಬ್ಬರಿಗೂ ಹಿಂದುಗಡೆ ಜಾಗ ಬಿಡಿಸಿಕೊಡುತ್ತಿದ್ದ. ಬಸ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲ. ಬಂದರಿನಿಂದ ಕುಲಶೇಖರಕ್ಕೆ ನಡೆದೇ ಹೋಗಬೇಕು, ಒಂದೂವರೆ ಗಂಟೆ. ಮೊದಲ ವಾರ ಬೊಳ್ಳು ಖುಷಿಯಿಂದ ಹಗ್ಗ ಎಳೆದುಕೊಂಡು ಹೋಯಿತು. ಎರಡನೆಯ ವಾರ ಕಮಲೇಶ ಎಳೆಯಬೇಕಾಯಿತು. ಮೂರನೆಯ ವಾರ ಅದು ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ನುಸುಳಿ ಹೊರಗೆ ಬರಲಿಲ್ಲ. ಕುತ್ತಿಗೆಯಲ್ಲಿ ಹಗ್ಗದ ಬದಲು ಎಳೆದಷ್ಟೂ ಬಿಗಿಯುವ ಸರಪಳಿ ಇತ್ತು, ಅದರ ಕೆಳಗೆ ಕೂದಲು ಉದುರಿತ್ತು.

"ಎಂತ ಇದು?" ಎಂದೆ.

"ಸರ್ ಹೇಳ್ತಾರೆ, ನಾಯಿಗೆ ಮೊದಲು ಹೆದರಿಕೆ ಬರಬೇಕಂತೆ. ಮತ್ತೆ ಎಲ್ಲ ಸರಿಯಾಗ್ತದಂತೆ."

"ನಿನಗೆ ಎಂತ ಕಾಣ್ತದೆ?"

ಅವನು ಸರಪಳಿಯನ್ನೇ ನೋಡುತ್ತ ನಿಂತ. "ಅವರು ಕಲಿತವರು ಅಲ್ವಾ ಅಕ್ಕ," ಎಂದ.

ಬಿಟ್ಟು ಬಾ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಇನ್ನೈದು ವಾರ ತಾನೇ, ಹೇಗೋ ಮುಗಿಸಿಬಿಡಲಿ ಎಂದುಕೊಂಡೆ.

ದೀಕ್ಷಿತರ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ನಾಯಿ ನೆಲದ ಮೇಲಿನ ಆಹಾರವನ್ನು ಮುಟ್ಟಬಾರದು ಎಂಬುದು. ಕಳ್ಳರು ವಿಷ ಹಾಕಿದರೆ ಕಾವಲು ನಾಯಿ ಸಾಯಬಾರದಲ್ಲ! ದೊಡ್ಡ ಮನೆಯವರು ಮೊದಲು ಕೇಳುವುದೇ ಇದನ್ನಂತೆ. ಬೇರೆ ನಾಯಿಗಳು ಕೋಳಿ ತುಂಡನ್ನು ಬೇಗ ಬಿಟ್ಟವು. ಬೊಳ್ಳು ಬಿಡಲಿಲ್ಲ. ಹುಟ್ಟಿದಾಗಿನಿಂದ ನೆಲಕ್ಕೆ ಬಿದ್ದದ್ದನ್ನೇ ತಿಂದು ಬೆಳೆದ ನಾಯಿಗೆ, ಬಿದ್ದದ್ದು ತನ್ನದಲ್ಲ ಎಂದರೆ ಹೇಗೆ ತಿಳಿಯಬೇಕು? ಆಗ ದೀಕ್ಷಿತ್ ಮಾರುಕಟ್ಟೆಯಿಂದ ಬೂತಾಯಿ ತರಲು ಹೇಳಿದರು. ಕಮಲೇಶ ತನ್ನ ಕೈಯಾರೆ ಮೀನು ಹಾಕಿ, ತಿನ್ನು ಎಂದು ಪ್ರೀತಿಯಿಂದ ಕರೆಯಬೇಕು. ಬೊಳ್ಳು ಬಾಯಿ ಹಾಕಿದ ಕೂಡಲೇ ಹಿಂದಿನಿಂದ ಅವರು ಸರಪಳಿ ಜಗ್ಗುತ್ತಿದ್ದರು. ಪ್ರೀತಿಯವರು ಕರೆದರೂ ತಿನ್ನದ ನಾಯಿಯೇ ಪಕ್ಕಾ ನಾಯಿ ಎಂಬುದು ಅವರ ಪಾಠ. ಎರಡು ವಾರ ದಿನಾ ಹೀಗೆಯೇ ನಡೆಯಿತು. ಇದನ್ನು ನನಗೆ ಹೇಳುವಾಗ ಕಮಲೇಶ ತಲೆ ಎತ್ತಲಿಲ್ಲ.

ಜುಲೈ ಕೊನೆಗೆ ಬೊಳ್ಳು ಪಾಸಾಯಿತು. ಹನ್ನೊಂದು ನಾಯಿಗಳಲ್ಲಿ ಮೊದಲ ಸ್ಥಾನ. ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಕೊಟ್ಟವಳೂ ನಾನೇ. ಒಂದು ಗುಳ್ಳೆಯೂ ಏಳದಂತೆ ಚೆನ್ನಾಗಿ ಮಾಡಿದ್ದೆ.

ಕೊಟ್ಟಾರದಲ್ಲಿ ನನಗೆ ಪರಿಚಯದ ಎಸ್ತೆರ್ ಬಾಯಿ ಇದ್ದಾರೆ, ನಿವೃತ್ತ ನರ್ಸ್. ಅವರ ಲ್ಯಾಬ್ರಡಾರ್ ಮೈಮೇಲೆ ಹಾರಿ ಎರಡು ಸಲ ಅವರನ್ನು ಬೀಳಿಸಿತ್ತು. ಕಮಲೇಶನನ್ನು ಅಲ್ಲಿಗೆ ಕಳಿಸಿದೆ. ಒಂದು ಗಂಟೆಯೊಳಗೆ ಅವರ ಫೋನ್ ಬಂತು.

"ನಿಮ್ಮ ಹುಡುಗನಿಗೆ ಎಂತ ಆಗಿದೆ? ನಾಯಿಯ ಕುತ್ತಿಗೆಗೆ ಚೈನ್ ಹಾಕಿದ. ಹಾಕಿ ಸುಮ್ಮನೆ ನಿಂತ. ಮತ್ತೆ ಚೈನ್ ತೆಗೆದು, ಸಾರಿ ಮೇಡಂ ಹೇಳಿ ಹೋದ."

ಸಂಜೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಹೇಳಿದ.

"ಕಲಿತದ್ದನ್ನು ಮಾಡ್ಲಿಕ್ಕೆ ಕೈ ಬರುವುದಿಲ್ಲ ಅಕ್ಕ. ಮೊದಲು ಎಂತ ಮಾಡ್ತಿದ್ದೆ ಅಂತ ನೆನಪು ಮಾಡಿದರೆ ಅದೂ ಬರುವುದಿಲ್ಲ. ನಾನು ಕೈ ಎತ್ತಿದರೆ ಈಗ ಬೊಳ್ಳು ಮೂತ್ರ ಮಾಡ್ತದೆ."

"ಮೈಸೂರಿನದ್ದು ಉಂಟಲ್ಲ," ಎಂದೆ. "ಇನ್ನೊಮ್ಮೆ ಕೇಳುವ."

"ಅವರು ನಾಯಿಯ ಹತ್ತಿರ ಇರುವ ವಿಡಿಯೋ ಕೇಳ್ತಾರೆ. ಯಾವ ನಾಯಿ ಅಕ್ಕ?"

ನನ್ನ ಫೋನಿನಲ್ಲಿ ಆ ಹಳೆಯ ವಿಡಿಯೋ ಇತ್ತು. ಅದನ್ನು ಕಳಿಸೋಣ ಎನ್ನದೆ ಫೋನನ್ನು ಮೇಜಿನ ಮೇಲೆ ಕವುಚಿಟ್ಟೆ. ಆಗಸ್ಟ್ ಒಂದಕ್ಕೆ ಅವನು ಬೋಟು ಹತ್ತಿದ.

ಬೊಳ್ಳು ಕಟ್ಟೆಗೆ ಬರುವುದನ್ನು ಬಿಟ್ಟಿತು. ಅವನ ತಾಯಿ ಹರಿಣಾಕ್ಷಿ ಹಿತ್ತಿಲಲ್ಲಿ ಗಂಜಿ ಇಟ್ಟು ಬಾಗಿಲು ಹಾಕಿಕೊಂಡರೆ ಮಾತ್ರ ತಿನ್ನುತ್ತಿತ್ತು. ಯಾರಾದರೂ ನೋಡುತ್ತಿದ್ದರೆ ಇಲ್ಲ. ಮೀನಿನ ವಾಸನೆ ಬಂದರೆ ಎದ್ದು ದೂರ ಹೋಗುತ್ತಿತ್ತು. ಪಕ್ಕೆಲುಬುಗಳು ಎಣಿಸುವಂತಾಗಿದ್ದವು. ನಾನು ತಡೆಯಲಾರದೆ ಟಾನ್ಯಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆಕೆ, ಕಮಲೇಶ ತನ್ನ ಕೈಯಿಂದ ಏನೂ ಕೊಡಬಾರದು, ಮೀನು ಇಟ್ಟು ಅವನು ತಿರುಗಿ ಹೋಗಿಬಿಡಬೇಕು, ನಾಯಿ ತಿಂದರೆ ತಿಂದಿತು, ಗ್ಯಾರಂಟಿ ಇಲ್ಲ ಎಂದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಬೆಂಗ್ರೆಗೆ ಹೋದೆ. ಬೋಟು ಬಂದಿತ್ತು. ಬುಟ್ಟಿಗಳು ಇಳಿಯುತ್ತಿದ್ದವು, ಏಳು ನಾಯಿಗಳು ಕಿತ್ತಾಡುತ್ತಿದ್ದವು. ಕೈ ಎತ್ತುವವರು ಯಾರೂ ಇರಲಿಲ್ಲ. ಕಮಲೇಶ ಎರಡು ಒಳ್ಳೆಯ ಬೂತಾಯಿ ಆರಿಸಿಕೊಂಡು ನನ್ನೊಡನೆ ಮನೆಯ ಹಿತ್ತಿಲಿಗೆ ಬಂದ. ಬೊಳ್ಳು ಬಾವಿಕಟ್ಟೆಯ ಹತ್ತಿರ ಮಲಗಿತ್ತು. ಅವನನ್ನು ಕಂಡ ಕೂಡಲೇ ಎದ್ದು, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಂಡಿತು. ಪರೀಕ್ಷೆಯಲ್ಲಿ ಕುಳಿತ ಹಾಗೆಯೇ. ಮೈ ಸಣ್ಣಗೆ ನಡುಗುತ್ತಿತ್ತು.

ಅವನು ಮೀನನ್ನು ನೆಲದ ಮೇಲಿಟ್ಟ. ಒಂದು ಮಾತೂ ಆಡಲಿಲ್ಲ. ತಿರುಗಿ ನಡೆದು, ಬೇಲಿಯ ಆಚೆ ಹೋಗಿ, ನಮಗೆ ಬೆನ್ನು ಹಾಕಿ ನಿಂತ. ನಾನು ಅಡುಗೆಮನೆಯ ಬಾಗಿಲ ಮರೆಯಿಂದ ಇಣುಕಿದೆ.

ಬೊಳ್ಳು ಮೀನನ್ನು ನೋಡಲೇ ಇಲ್ಲ. ಬೇಲಿಯ ಆಚೆ ನಿಂತವನ ಬೆನ್ನನ್ನೇ ನೋಡುತ್ತ ಕುಳಿತಿತ್ತು. ಬಾಯಿಂದ ಜೊಲ್ಲು ಇಳಿದು ಮಣ್ಣಿಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಒಂದು ಮೀನನ್ನು ಎತ್ತಿಕೊಂಡು ಹೋಯಿತು. ಇನ್ನೊಂದು ಕಾಗೆ ಬಂದು ಇನ್ನೊಂದನ್ನು ತೆಗೆದುಕೊಂಡಿತು. ಬೊಳ್ಳು ಅಲುಗಲಿಲ್ಲ.

"ತಿಂತಾ ಅಕ್ಕ?" ಎಂದು ಕಮಲೇಶ ತಿರುಗದೆಯೇ ಕೇಳಿದ.

ನಾನು ಬಾಗಿಲ ಮರೆಯಿಂದ ಹೊರಗೆ ಬಂದು, ಮೀನು ಇಟ್ಟಿದ್ದ ಖಾಲಿ ನೆಲವನ್ನು ನೋಡಿದೆ.

"ತಿಂತು," ಎಂದೆ. "ಎರಡೂ ತಿಂತು."