ಜೋರಾಗಿ ಓದಿದ ಪರವಾನಗಿ

ನಾನು ಬೀದರಿನಲ್ಲಿ ಮೊಬೈಲ್ ಸ್ಟಾರ್ಟರ್ ತಯಾರಿಸುತ್ತೇನೆ. ಮನೆಯಲ್ಲಿ ಕೂತು ಫೋನಿನಿಂದಲೇ ಹೊಲದ ಪಂಪು ಚಾಲೂ ಮಾಡುವ ಪೆಟ್ಟಿಗೆ ಅದು. ಬಾವಿ ತಳ ಕಂಡ ಕೂಡಲೇ ಪಂಪು ಸುಡದಂತೆ ತಾನಾಗಿ ನಿಲ್ಲಿಸುವ ಉಪಾಯವೊಂದನ್ನು ನಾನೇ ಕಂಡುಹಿಡಿದು ಪೇಟೆಂಟ್ ಪಡೆದಿದ್ದೇನೆ. ನನಗಿಂತ ನನ್ನ ಗಂಡನಿಗೇ ಅದರ ಹೆಮ್ಮೆ ಜಾಸ್ತಿ. ಬಂದ ನೆಂಟರಿಗೆಲ್ಲ ಹೇಳುತ್ತಾರೆ.

ತೊಂದರೆ ಏನೆಂದರೆ, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಆ್ಯಪಿಗೆ ಸೊಪ್ಪು ಹಾಕುವುದಿಲ್ಲ. ಒಂದನ್ನು ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು. ಅದಕ್ಕೇ ನಾವು ಕೆಲವರು ಸೇರಿ ಎಲ್ಲ ಸ್ಟಾರ್ಟರುಗಳಿಗೂ ಒಂದೇ ತಾಂತ್ರಿಕ ನಿಯಮಾವಳಿ ಬರೆಯಲು ಕೂತೆವು. ಭಾಲ್ಕಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಭಾಯಿಯವರ ಮಹಡಿಯಲ್ಲಿ ಸಭೆ. ನಾನು ಬೀದರಿನಿಂದ ರೈಲಿನಲ್ಲಿ ಹೋಗುತ್ತಿದ್ದೆ, ಔರಾದಿನಿಂದ ಒಬ್ಬ ಹುಡುಗಿ ಬಸ್ಸಿನಲ್ಲಿ ಬರುತ್ತಿದ್ದಳು. ಹೈದರಾಬಾದಿನ ದೊಡ್ಡ ಕಂಪನಿಯೊಂದು ತನ್ನ ಪ್ರತಿನಿಧಿಯನ್ನು ಕಾರಿನಲ್ಲಿ ಕಳಿಸುತ್ತಿತ್ತು.

ನಮ್ಮಲ್ಲೊಂದು ರೂಢಿ ಇತ್ತು. ಬರೆದ ಪ್ರತಿ ಕಲಮನ್ನೂ ಜೋರಾಗಿ ಓದಬೇಕು. ಬರೆಯದೆ ಇದ್ದವರು ಅದನ್ನು ಕೇಳಿಸಿಕೊಂಡು ಅಲ್ಲೇ ಮಾಡಿ ತೋರಿಸಬೇಕು. ಅಷ್ಟು ಹೊತ್ತು ಬರೆದವರು ಬಾಯಿ ಬಿಡುವಂತಿಲ್ಲ. ಮಾಡಲು ಬರದಿದ್ದರೆ ತಪ್ಪು ಬರೆದವರದು, ಆ ಕಲಮು ಬಿತ್ತು. ಕನ್ನಡ, ದಖ್ಖನಿ, ಮರಾಠಿ ಮೂರನ್ನೂ ಕಲಸಿ ಮಾತಾಡುವ ಕೋಣೆಯಲ್ಲಿ ಬೇರೆ ದಾರಿಯೂ ಇರಲಿಲ್ಲ. ನಾನು ಬರೆದ ಕಲಮುಗಳೇ ಎಷ್ಟೋ ಸಲ ಬಿದ್ದಿವೆ, ನಾನು ಮುಖ ಊದಿಸಿಕೊಂಡು ಮತ್ತೆ ಬರೆದಿದ್ದೇನೆ.

ಔರಾದಿನ ಹುಡುಗಿ ಪ್ರೋಗ್ರಾಂ ಬರೆಯುವವಳು. ಈ ನಿಯಮಾವಳಿಯನ್ನೇ ನಂಬಿ, ಇದ್ದ ಕೆಲಸ ಬಿಟ್ಟು, ತನ್ನದೇ ಸ್ಟಾರ್ಟರ್ ಸಿದ್ಧಮಾಡಿದ್ದಳು. ಅವಳ ತಾಲೂಕಿನ ಚಿಂತಾಕಿಯಲ್ಲಿ ಅದಕ್ಕಾಗಿ ರೈತರು ಕಾಯುತ್ತಿದ್ದರು. ಇನ್ನೇನು ಮಾರಾಟ ಶುರುವಾಗಬೇಕು ಅನ್ನುವಾಗ ಕಂಪನಿಯವನು ಬ್ಯಾಗಿನಿಂದ ಒಂದು ಕಟ್ಟು ಕಾಗದ ತೆಗೆದ. ಕರೆಂಟು ಬಂದಾಗ ಪಂಪುಗಳೆಲ್ಲ ಒಮ್ಮೆಗೇ ಚಾಲೂ ಆಗಿ ಟ್ರಾನ್ಸ್‌ಫಾರ್ಮರ್ ಸುಡಬಾರದೆಂದು ಅವಕ್ಕೆ ಸರದಿ ಹಚ್ಚುವ ಭಾಗ ನಿಯಮಾವಳಿಯಲ್ಲಿತ್ತು. ಅದನ್ನು ಬರೆದುಕೊಟ್ಟವನು ಅವನೇ. ಈಗ ಆ ಸರದಿಗೆ ತಮ್ಮ ಪೇಟೆಂಟ್ ಇದೆ, ಬಳಸುವವರು ಒಬ್ಬೊಬ್ಬರೂ ಕಂಪನಿಯೊಡನೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು ಎಂದ. ಇಷ್ಟು ದಿನ ನಮ್ಮೊಡನೆ ಕೂತು ಚಹಾ ಕುಡಿದು, ಕೆಲಸವೆಲ್ಲ ಮುಗಿದ ಮೇಲೆ ಬೀಗ ಜಡಿಯುವ ಈ ಬುದ್ಧಿಗೆ ನನ್ನ ಮೈಯೆಲ್ಲ ಉರಿಯಿತು.

ಹಾಗಾದರೆ ಇದನ್ನೂ ಜೋರಾಗಿ ಓದಿ ಎಂದೆ. ಇದು ಕಾನೂನು, ಸರ್ಕ್ಯೂಟ್ ಅಲ್ಲ ಮೇಡಂ ಎಂದು ನಕ್ಕ. ನಾನು ಬಿಡಲಿಲ್ಲ. ಓದುತ್ತಾ ಓದುತ್ತಾ ಅವನೇ ಎಲ್ಲಿದ್ದೇನೆಂದು ತಿಳಿಯದೆ ಹಿಂದಿನ ಪುಟಕ್ಕೆ ಹೋದ. ನಮಗಂತೂ ತಲೆಬುಡ ಅರ್ಥವಾಗಲಿಲ್ಲ. ಔರಾದಿನವಳು ಕೇಳಿದ್ದು ಒಂದೇ ಮಾತು.

"ನಾ ನಾಳಿ ಪೆಟಗಿ ಮಾರಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಅರ್ಜಿ ಹಾಕಿ, ವಕೀಲರು ನೋಡುತ್ತಾರೆ, ಒಬ್ಬೊಬ್ಬರ ವಿಷಯ ಒಂದೊಂದು ಥರ ಎಂದ. ಅವಳ ಮುಖ ಸಪ್ಪಗಾಯಿತು. ಕೇಳಿಸಿಕೊಂಡವಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ, ಹಾಗಾಗಿ ನಿಮ್ಮ ಕಾಗದ ಬಿತ್ತು ಎಂದು ನಾನು ಅವನಿಗೆ ಹೇಳಿದೆ.

ಅವನಿಗೂ ಸಿಟ್ಟು ಬಂತು. ನಿಮ್ಮದೂ ಪೇಟೆಂಟ್ ಇದರೊಳಗೆ ಇದೆಯಲ್ಲ, ನೀವು ಪುಕ್ಕಟೆ ಬಿಡುತ್ತೀರಾ ಎಂದು ಕೆಣಕಿದ. ಸುಳ್ಳೇಕೆ, ಬಿಡಲು ಮನಸ್ಸಿರಲಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಆಮೇಲೆ ಹಟವೇ ಗೆದ್ದಿತು. ಅವನ ಕಟ್ಟಿನ ಕೊನೆಯ ಹಾಳೆಯನ್ನೇ ಮಗುಚಿ ಬರೆದೆ: ಈ ನಿಯಮಾವಳಿಯಂತೆ ಯಾರು ಸ್ಟಾರ್ಟರ್ ಮಾಡಿದರೂ ಅದಕ್ಕೆ ಬೇಕಾದ ನನ್ನ ಪೇಟೆಂಟನ್ನು ಬಳಸಿಕೊಳ್ಳಲಿ. ನಾನು ಹಣ ಕೇಳುವುದಿಲ್ಲ, ಕೋರ್ಟಿಗೆ ಎಳೆಯುವುದಿಲ್ಲ. ಇದೇ ನಿಯಮಾವಳಿಯ ವಿಷಯದಲ್ಲಿ ಪೇಟೆಂಟ್ ಹಿಡಿದು ಬೇರೆಯವರನ್ನು ಕೋರ್ಟಿಗೆ ಎಳೆದವರಿಗೆ ಮಾತ್ರ ಈ ಮಾತು ಸಲ್ಲದು.

ಸಹಿ ಹಾಕಿದೆ. ಭಾಯಿಯವರೂ ಹಾಕಿದರು. ಅವರ ಹೆಸರಿನಲ್ಲಿ ಯಾವ ಪೇಟೆಂಟೂ ಇಲ್ಲ; ಮುಂದೆ ಏನಾದರೂ ಕಂಡುಹಿಡಿದೇನು, ಈಗಲೇ ಇರಲಿ ಎಂದರು. ಕಂಪನಿಯವನ ಮುಂದೆ ಹಾಳೆ ಚಾಚಿದೆ. ಮೇಲಿನವರನ್ನು ಕೇಳಬೇಕು ಎಂದ. ಕೇಳಿಕೊಂಡು ಬನ್ನಿ ಎಂದು ಅವನ ಸರದಿಯ ಭಾಗಕ್ಕೆ ಅಡ್ಡಗೆರೆ ಎಳೆದೆ. ಒಂದೊಂದು ಪೆಟ್ಟಿಗೆಯೂ ಚೀಟಿ ಎತ್ತಿದಂತೆ ತನಗೆ ಬಂದಷ್ಟು ಹೊತ್ತು ಕಾದು ಚಾಲೂ ಆಗಲಿ ಎಂದು ಅದರ ಜಾಗದಲ್ಲಿ ಬರೆದೆವು. ಯಾರ ಸೊತ್ತೂ ಅಲ್ಲದ ಹಳೆಯ ಉಪಾಯ. ಅವನದರಷ್ಟು ಅಚ್ಚುಕಟ್ಟಲ್ಲ, ಆದರೆ ಟ್ರಾನ್ಸ್‌ಫಾರ್ಮರ್ ಸುಡುವುದಿಲ್ಲ. ಕಂಪನಿ ಇವತ್ತಿಗೂ ಸಹಿ ಹಾಕಿಲ್ಲ. ಸುದ್ದಿ ಕೇಳಿ ನನ್ನ ಗಂಡ ಕೆಲ ದಿನ ಮಾತು ಬಿಟ್ಟರು, ನಾನೂ ಗೋಗರೆಯಲು ಹೋಗಲಿಲ್ಲ.

ಹಾಳೆ ಬರೆದ ಆ ಸಂಜೆಯೇ ರೂಢಿಯಂತೆ ನನ್ನ ಹಾಳೆಯನ್ನೂ ಓದಬೇಕಾಗಿತ್ತು. ಔರಾದಿನವಳೇ ಓದಿದಳು. ಓದಿ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತಳು.

"ಅಕ್ಕಾ, ಮಾರೋಕಿಂತ ಮೊದಲ ನಿಮಗೊಂದ್ ಫೋನ್ ಮಾಡಿ ಕೇಳ್ಲೇನ್ರಿ?"

"ಯಾಕ? ಈಗ ಓದಿದ್ಯಲ್ಲ, ಮಾರು. ನನಗೂ ಕೇಳಬ್ಯಾಡ," ಎಂದೆ.