ತುಂಡಾಗಲೆಂದೇ ಹೊಸೆಯುವ ಹಗ್ಗ

ಬೆಳಕು ಇನ್ನೂ ಬುರುಜಿನ ತಲೆಗಷ್ಟೇ ತಾಗಿದೆ. ಕೆಳಗಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಎಲಾದಿಯಾ ಮೊರಿಯಾನ ಹುಲ್ಲು ಬಡಿಯುತ್ತಿದ್ದಾರೆ. ಒಂದೂವರೆ ತಿಂಗಳು ಹೊಳೆನೀರಲ್ಲಿ ನೆನೆಹಾಕಿ ಒಣಗಿಸಿದ ಎಸ್ಪಾರ್ತೊ ಹುಲ್ಲು. ಕಟ್ಟನ್ನು ಕಲ್ಲಿನ ಮೇಲಿಟ್ಟು ಕೊಡತಿಯಿಂದ ಒಂದು ಏಟು, ಅರೆಸುತ್ತು ಹೊರಳಿಸಿ ಇನ್ನೊಂದು. ಬುರುಜಿನ ನೆತ್ತಿಯಲ್ಲಿ ಗೂಡು ಕಟ್ಟಿರುವ ಕೊಕ್ಕರೆಗಳು ಕೊಕ್ಕು ಕಟಕಟಿಸುತ್ತವೆ.

"ನನ್ನನ್ನೇ ಬೈತಿರೋದು ಅವು," ಎನ್ನುತ್ತಾರೆ ಎಲಾದಿಯಾ ತಲೆಯೆತ್ತದೆ. "ಈ ಮುದುಕಿ ನಿದ್ದೆ ಮಾಡಕ್ಕೂ ಬಿಡಲ್ಲ ಅಂತ."

ಗ್ವಾದಲ್ಕಿವೀರ್ ಹೊಳೆ ನಮ್ಮೂರು ಅಲ್ಮಸೇರದಲ್ಲಿ ಮಗ್ಗುಲು ಬದಲಿಸುವ ಕಡೆ ಈ ಬುರುಜು ನಿಂತು ಎಂಟು ಶತಮಾನವಾಗಿದೆ. ಕಟ್ಟಿಸಿದವನು ಆಗ ಇಲ್ಲಿ ಆಳುತ್ತಿದ್ದ ಮುಸಲ್ಮಾನ ಅಮೀರ. ಕತ್ತಲಾದೊಡನೆ ಇಲ್ಲಿಂದ ಆಚೆದಡದ ಕಂಬಕ್ಕೆ ಕಬ್ಬಿಣದ ಸರಪಳಿ ಬಿಗಿದರೆ ಬಂದರಿಗೆ ಬಾಗಿಲು ಹಾಕಿದಂತೆ. ಒಂದು ಮೇ ತಿಂಗಳಲ್ಲಿ ಬಡಗಣ ಕ್ರೈಸ್ತ ರಾಜನ ಹಡಗು ಹೊಟ್ಟೆತುಂಬ ಕಲ್ಲು ಹೇರಿಕೊಂಡು, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ನುಗ್ಗಿ ಆ ಸರಪಳಿಯನ್ನು ತುಂಡರಿಸಿತು. ಮುಂದೆ ಬುರುಜು ಸುಂಕದ ಕಟ್ಟೆಯಾಯಿತು, ಮದ್ದಿನ ಉಗ್ರಾಣವಾಯಿತು, ಒಂದಷ್ಟು ಕಾಲ ಜೈಲೂ ಆಯಿತು. ಹೊಳೆಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬರುವುದು ನಿಂತ ಮೇಲೆ ಯಾರಿಗೂ ಬೇಡವಾಗಿ, ಕೆಳಕೋಣೆ ಹಗ್ಗ ಹೊಸೆಯುವವರ ಪಾಲಿಗೆ ಬಂತು. ಎಲಾದಿಯಾ ಅವರ ಮುತ್ತಜ್ಜ ಇಲ್ಲಿ ಬಂದು ಕೂತದ್ದು ಆಗಲೇ.

ಪ್ರತಿ ಮೇ ತಿಂಗಳಲ್ಲಿ ಊರು ಆ ಕಾಳಗವನ್ನು ಮತ್ತೆ ಆಡುತ್ತದೆ. ಸರಪಳಿಯ ಬದಲು ಎಸ್ಪಾರ್ತೊ ಹಗ್ಗ, ಹಡಗಿನ ಬದಲು ಅಂಬಿಗ ಸೆರಾಫಿನ್ ಅವರ ಹಾಯಿದೋಣಿ. ಹಗ್ಗ ನೀರಿಗೆ ತಾಗದಂತೆ ದಡದಿಂದ ದಡಕ್ಕೆ ಬಿಗಿದು ನಿಲ್ಲಬೇಕು, ದೋಣಿ ಬಡಿದ ಕ್ಷಣಕ್ಕೆ ತುಂಡಾಗಬೇಕು. ಅಂಥ ಹಗ್ಗ ಹೊಸೆಯಲು ಬರುವುದು ಈಗ ಊರಿನಲ್ಲಿ ಎಲಾದಿಯಾ ಒಬ್ಬರಿಗೇ.

"ಹರೀದೇ ಇರೋ ಹಗ್ಗ ಯಾವ ಪೆದ್ದನೂ ಮಾಡ್ತಾನೆ," ಎನ್ನುತ್ತಾರೆ. "ನಾನು ನಡುವೆ ಒಂದು ಮಾರಿನಷ್ಟು ಬಡೀದೇ ಇರೋ ಹುಲ್ಲು ಹಾಕ್ತೀನಿ. ಒಣಗಿದ್ರೆ ಲಟಕ್ ಅಂತ ಹೋಗುತ್ತೆ. ನೆಂದ್ರೆ ಮಾತ್ರ ಹಟ ಹಿಡಿಯುತ್ತೆ, ಥೇಟ್ ನಮ್ಮನೆಯವರ ಹಾಗೆ."

ನೀವು ಸರಪಳಿಯ ಕಡೆಯವರೋ ಹಡಗಿನ ಕಡೆಯವರೋ ಎಂದು ಕೇಳಿದರೆ ನಗುತ್ತಾರೆ. "ಅಪ್ಪ ಸರಪಳಿ ಕಡೆ, ಅಮ್ಮ ಹಡಗಿನ ಕಡೆ. ಮೇ ಬಂದ್ರೆ ಒಂದು ವಾರ ಮಾತಿರ್ತಿರ್ಲಿಲ್ಲ. ನಾನೇ ಇಬ್ರಿಗೂ ಸಾರು ಬಡಿಸ್ತಿದ್ದೆ."

ಹೋದ ವರ್ಷ ಅವರ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹಬ್ಬದ ಸಮಿತಿಯ ಮುಖ್ಯಸ್ಥ, ಔಷಧಿ ಅಂಗಡಿಯ ಎಮೀಲಿಯೊ, ಪೇಟೆಯಿಂದ ನೈಲಾನ್ ಹಗ್ಗ ತಂದರು. ದೋಣಿ ಬಡಿದಾಗ ಅದು ರಬ್ಬರಿನಂತೆ ಹಿಗ್ಗಿ, ದೋಣಿಯನ್ನೇ ಹಿಂದಕ್ಕೆ ಒಗೆಯಿತು. ಸೆರಾಫಿನ್ ಅವರ ಹೆಗಲ ಮೂಳೆ ಮುರಿಯಿತು. ಇನ್ನೊಂದು ಅವಘಡವಾದರೆ ಈ ಆಟವೇ ಬಂದ್ ಎಂದು ಪುರಸಭೆ ಹೇಳಿಬಿಟ್ಟಿದೆ. ಹಗ್ಗವೇ ಬೇಡವಾದ ಮೇಲೆ ಹಗ್ಗದ ಕೋಣೆ ಯಾಕೆ? ಅಲ್ಲಿ ಗೊಂಬೆ, ಬೀಸಣಿಗೆ ಮಾರುವ ಮಳಿಗೆ ತೆರೆಯುವ ಮಾತು ಆಗಲೇ ಎದ್ದಿದೆ.

ಹಬ್ಬದ ಭಾನುವಾರ. ಎರಡೂ ದಂಡೆಯಲ್ಲಿ ಜನ. ಎಲಾದಿಯಾ ಮಾತ್ರ ತಮ್ಮ ಕೋಣೆಯಲ್ಲಿ, ಹಗ್ಗ ಬಿಗಿಸಲು ಅದರ ತುದಿ ಸುತ್ತಿದ ತಿರುಗಣೆಯ ಪಕ್ಕ ನಿಂತಿದ್ದಾರೆ. ಗೋಡೆಯಲ್ಲಿ ಹಗ್ಗವಷ್ಟೇ ಹಿಡಿಸುವ ಒಂದು ಕಿಂಡಿಯಿಂದ ಅದು ಹೊಳೆ ದಾಟಿ ಆಚೆದಡಕ್ಕೆ ಹೋಗಿದೆ. ಹೊರಗಿನ ಸುದ್ದಿ ಹೇಳಲು ಬುರುಜಿನ ನೆತ್ತಿಯ ಮೇಲೆ ಎಮೀಲಿಯೊ ಇದ್ದಾರೆ.

"ಎಲಾದಿಯಕ್ಕಾ! ಅಲೆ ಬಂತು! ನಡುವೆ ನೆಂದೋಯ್ತು!"

"ಪೂರ್ತಿನಾ?"

"ಪೂರ್ತಿ! ದೋಣಿ ನಿಲ್ಸಕ್ಕೆ ಹೇಳ್ಲಾ?"

"ಹಾಯಿ ತುಂಬ್ಕೊಂಡಿರೋ ದೋಣಿನ ಯಾರಪ್ಪ ನಿಲ್ಸೋದು? ಎಲ್ಲಿದೆ ಅಂತ ಹೇಳ್ತಾ ಇರಿ, ಸಾಕು!"

ಎಲಾದಿಯಾ ತಿರುಗಣೆಯ ಮರಕ್ಕೆ ಎದೆ ಕೊಟ್ಟು ತಳ್ಳುತ್ತಾರೆ. ಹಗ್ಗ ಕಿರುಗುಟ್ಟುತ್ತದೆ. ಬೆರಳಿನಿಂದ ಮೀಟಿ, ಕಿವಿಗೊಟ್ಟು, ಮತ್ತಷ್ಟು ತಳ್ಳುತ್ತಾರೆ. ಅತಿಯಾದರೆ ದೋಣಿ ಬರುವ ಮೊದಲೇ ಹರಿಯುತ್ತದೆ, ಕಮ್ಮಿಯಾದರೆ ಹೋದ ವರ್ಷದ್ದೇ ಕತೆ. "ಸಡಿಲ ಇದ್ರೆ ಬಾಗಿ ಆಟ ಆಡ್ಸುತ್ತೆ," ಎಂದು ಹಲ್ಲು ಕಚ್ಚಿ ಗೊಣಗುತ್ತಾರೆ. "ಬಿಗಿ ಮಾಡಿದ್ರೆ ಹಟ ಮಾಡಕ್ಕೆ ಜಾಗ ಇರಲ್ಲ." ಹೊಲಿಗೆಯ ಗುರುತಿರುವ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಬಿಗಿಹಿಡಿದು ಮತ್ತೆ ತಳ್ಳುತ್ತಾರೆ.

"ಬಂತು! ಬಂದೇಬಿಡ್ತು!"

ಹಗ್ಗ ಒಮ್ಮೆ ಥರಥರಿಸಿ, ಜೀವ ಹೋದಂತೆ ನೆಲಕ್ಕೆ ಬೀಳುತ್ತದೆ. ಹೊರಗೆ ಊರೇ ಕೂಗುತ್ತದೆ. ಎಲಾದಿಯಾ ಹುಲ್ಲಿನ ಕಟ್ಟಿನ ಮೇಲೆ ಕುಸಿದು ಕೂರುತ್ತಾರೆ.

ಸ್ವಲ್ಪ ಹೊತ್ತಿಗೆ ಸೆರಾಫಿನ್ ಒದ್ದೆಕಾಲಲ್ಲೇ ಬರುತ್ತಾರೆ. "ಏನಕ್ಕ, ಹಗ್ಗ ಕಟ್ಟಿದ್ಯೋ ಜೇಡರ ಬಲೆ ಕಟ್ಟಿದ್ಯೋ? ದೋಣಿಗೆ ಗೊತ್ತೇ ಆಗ್ಲಿಲ್ಲ!"

"ಹೋಗೋ, ಹೋಗಿ ಮೂಳೆ ಎಲ್ಲ ಜಾಗದಲ್ಲಿದ್ಯಾ ನೋಡ್ಕೋ."

ಹಿಂದೆಯೇ ಮೆಟ್ಟಿಲಿಳಿದು ಬಂದ ಎಮೀಲಿಯೊಗೆ ಉಸಿರೇ ಸಾಲದು. "ಪುರಸಭೆಯವರೇ ಎದ್ದು ನಿಂತು ಚಪ್ಪಾಳೆ ಹೊಡೆದ್ರು! ಬರೋ ವರ್ಷಾನೂ ನಡೀಲಿ ಅಂದ್ರು! ಎಷ್ಟು ಚೆನ್ನಾಗಿ ಹರೀತು, ಅಲ್ವಾ?"

"ನನ್ನೇನು ಕೇಳ್ತೀರಾ ಸ್ವಾಮಿ? ಈ ಗೋಡೇಲಿ ಕಿಟಕಿ ಇದ್ಯಾ?"

ಇಷ್ಟು ವರ್ಷ ಹಗ್ಗ ಹೊಸೆದ ಎಲಾದಿಯಾ ಅದು ತುಂಡಾಗುವುದನ್ನು ಒಮ್ಮೆಯೂ ನೋಡಿಲ್ಲ. ತಿರುಗಣೆ ಬಿಟ್ಟು ಹೋಗುವಂತಿಲ್ಲ. "ಚಿಕ್ಕೋಳಿದ್ದಾಗ ದಂಡೇಲಿ ನಿಂತಿದ್ದೆ. ದೊಡ್ಡೋರ ಬೆನ್ನು ಬಿಟ್ರೆ ಏನೂ ಕಾಣ್ಲಿಲ್ಲ." ಕೈಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಚುರ್ರೊ ತಿಂಡಿ ಹಿಡಿದು, ಎಲ್ಲರಿಗಿಂತ ಮುಂದೆ ನಿಂತು ಒಂದೇ ಒಂದು ಸಲ ನೋಡಬೇಕು. ಅವರ ಆಸೆ ಇಷ್ಟೇ.

"ಬರೋ ವರ್ಷ ತಿರುಗಣೆ ನಾನು ಹಿಡೀತೀನಿ," ಎಂದುಬಿಡುತ್ತಾರೆ ಎಮೀಲಿಯೊ. "ಕಲಿಸ್ತೀರಾ?"

ಸೆರಾಫಿನ್ ಬಿದ್ದು ಬಿದ್ದು ನಗುತ್ತಾರೆ. ಎಲಾದಿಯಾ ನಗುವುದಿಲ್ಲ. ಎಮೀಲಿಯೊರ ಕೈ ಹಿಡಿದು, ಗುಳಿಗೆ ಎಣಿಸಿ ಮೆತ್ತಗಾದ ಅಂಗೈಯನ್ನು ಮಗುಚಿ ಮಗುಚಿ ನೋಡಿ, ಕೊಡತಿಯನ್ನು ಅದರಲ್ಲಿ ಇಡುತ್ತಾರೆ.

"ಮೊದ್ಲು ಹುಲ್ಲು ಬಡೀರಿ. ಇನ್ನೂ ಒಂದು ವರ್ಷ ಇದೆಯಲ್ಲ."